ಕ್ವಿಲ್ಟ್ ಡಿಸೈನ್ ಸಾಫ್ಟ್‌ವೇರ್: ಹೆಲ್ಪ್ ಫೈಲ್‌ನಲ್ಲಿ ಬೇಕಾದ್ದು ಸಿಗಬೇಕಾದರೆ ಹೀಗೆ ಮಾಡಿ

"ಹೆಲ್ಪ್‌ನಲ್ಲಿ ಹುಡುಕಿದೆ, ಏನೂ ಸಿಗಲಿಲ್ಲ." ಕ್ವಿಲ್ಟ್ (ಬಟ್ಟೆಯ ತುಂಡುಗಳನ್ನು ಜೋಡಿಸಿ ಹೊಲಿಯುವ ಹೊದಿಕೆ) ಡಿಸೈನ್ ಮಾಡುವ ಸಾಫ್ಟ್‌ವೇರ್ ಬಳಸುವವರಿಂದ ಈ ಮಾತು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಏನಂತ ಹುಡುಕಿದಿರಿ ಎಂದು ಕೇಳಿದರೆ "ಗೆರೆ ಮಾಯ ಆಗ್ತಿದೆ ಅಂತ ಹಾಕಿದೆ", "ಪ್ರಿಂಟ್ ಸರಿ ಬರ್ತಿಲ್ಲ ಅಂತ ಹಾಕಿದೆ" ಎನ್ನುತ್ತಾರೆ. ಎಡವುವುದು ಇಲ್ಲೇ. ಹೆಲ್ಪ್ ಫೈಲ್‌ನ ಪುಟಗಳಿಗೆ ಟೂಲ್‌ಗಳ ಹೆಸರು ಇರುತ್ತದೆ, ನಮ್ಮ ತಲೆಯಲ್ಲಿ ಇರುವುದು ತೊಂದರೆಯ ಹೆಸರು. ತೊಂದರೆಯಿಂದ ಟೂಲ್‌ನ ಹೆಸರಿಗೆ ಹೋಗುವ ದಾರಿ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಉಳಿದ ಅರ್ಧ, ಸಿಕ್ಕ ಪುಟವನ್ನು ಓದುವ ಕ್ರಮ.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮೂರನೆಯದನ್ನು ಬಿಟ್ಟು ನಾಲ್ಕಕ್ಕೆ ಹಾರಿದರೆ ಮತ್ತೆ "ಏನೂ ಸಿಗಲಿಲ್ಲ" ಎನ್ನುವಲ್ಲಿಗೇ ಬಂದು ನಿಲ್ಲುತ್ತೀರಿ.

## ಕೂರುವ ಮೊದಲು ಇಟ್ಟುಕೊಳ್ಳಬೇಕಾದವು

ಒಂದು ನೋಟ್‌ಬುಕ್, ಒಂದು ಪೆನ್ನು, ಬಟ್ಟೆ ಕತ್ತರಿಸುವಾಗ ಬಳಸುವ ಅದೇ ಕ್ವಿಲ್ಟಿಂಗ್ ರೂಲರ್, ಎರಡು ಮೂರು ಖಾಲಿ ಹಾಳೆ ಇರುವ ಪ್ರಿಂಟರ್. ಇಷ್ಟು ಸಾಕು.

ಜೊತೆಗೆ ಸಾಫ್ಟ್‌ವೇರ್‌ನಲ್ಲಿ ಒಂದು ಹೊಸ ಪ್ರಾಜೆಕ್ಟ್ ತೆರೆದು ಅದಕ್ಕೆ "ಟ್ರಯಲ್" ಎಂದು ಹೆಸರಿಡಿ. ಒಳಗೆ ಒಂದೇ ಒಂದು ಫೋರ್ ಪ್ಯಾಚ್ ಬ್ಲಾಕ್ (ನಾಲ್ಕು ಚೌಕ ತುಂಡು ಸೇರಿದ ಒಂದು ಚೌಕ; ಇಂಥ ಬ್ಲಾಕ್‌ಗಳನ್ನು ಜೋಡಿಸಿಯೇ ಕ್ವಿಲ್ಟ್ ಆಗುವುದು), ಎರಡೇ ಬಣ್ಣ. ಹೆಲ್ಪ್ ನೋಡಿ ಮಾಡುವ ಪ್ರಯೋಗವೆಲ್ಲ ಇದರಲ್ಲೇ ಆಗಬೇಕು. ತಿಂಗಳುಗಟ್ಟಲೆ ಕೂತು ಮಾಡಿದ ಡಿಸೈನ್ ಮೇಲೆ ಹೊಸ ಟೂಲ್ ಕಲಿಯಲು ಹೋಗಿ ಅದನ್ನೇ ಕೆಡಿಸಿಕೊಂಡವರು ತುಂಬಾ ಜನ. ಅನ್‌ಡೂ ಇದೆಯಲ್ಲ ಎಂದು ನಂಬಬೇಡಿ. ಕೆಲವು ಕೆಲಸಗಳಿಗೆ ಅನ್‌ಡೂ ಇರುವುದಿಲ್ಲ. ಫೈಲ್ ಮುಚ್ಚಿ ತೆರೆದರಂತೂ ಹಿಂದಿನ ಯಾವುದೂ ವಾಪಸ್ ಬರುವುದಿಲ್ಲ.

ಹೆಲ್ಪ್ ಮತ್ತು ಸಾಫ್ಟ್‌ವೇರ್ ಎರಡೂ ಪಕ್ಕಪಕ್ಕ ಕಾಣಬೇಕು. ವಿಂಡೋಸ್‌ನಲ್ಲಿ ವಿಂಡೋಸ್ ಕೀ ಜೊತೆ ಎಡ ಬಾಣದ ಕೀ ಒತ್ತಿದರೆ ಒಂದು ವಿಂಡೋ ಎಡ ಅರ್ಧಕ್ಕೆ ಹೋಗುತ್ತದೆ, ಬಲ ಬಾಣದ ಕೀ ಒತ್ತಿದರೆ ಇನ್ನೊಂದು ಬಲಕ್ಕೆ. ಹೆಲ್ಪ್ ಓದಿ ಮುಚ್ಚಿ, ನೆನಪಿನಿಂದ ಮಾಡಲು ಹೋದರೆ ನಾಲ್ಕನೇ ಸ್ಟೆಪ್ ಹೊತ್ತಿಗೆ ಮರೆತಿರುತ್ತದೆ.

## ಹಂತ 1: ನಿಮ್ಮ ವರ್ಷನ್ ಯಾವುದು ಎಂದು ನೋಡಿ

ವಿಂಡೋಸ್‌ನಲ್ಲಿ ಹೆಲ್ಪ್ ಮೆನುವಿನ ಕೊನೆಯಲ್ಲಿ "ಅಬೌಟ್" ಇರುತ್ತದೆ. ಮ್ಯಾಕ್‌ನಲ್ಲಿ ಅದು ಮೇಲೆ ಎಡಗಡೆ, ಸಾಫ್ಟ್‌ವೇರ್‌ನ ಹೆಸರಿರುವ ಮೆನುವಿನ ಒಳಗೆ. ಅಲ್ಲಿ ಕಾಣುವ ನಂಬರನ್ನು ಪೂರ್ತಿ ಬರೆದುಕೊಳ್ಳಿ, ಚುಕ್ಕಿಯ ನಂತರದ ಅಂಕಿಗಳನ್ನೂ ಬಿಡಬೇಡಿ.

ಇದನ್ನು ಮೊದಲು ಮಾಡಬೇಕು, ಯಾಕೆಂದರೆ ಇಂಟರ್‌ನೆಟ್‌ನಲ್ಲಿ ಹುಡುಕಿದಾಗ ಹಳೆಯ ವರ್ಷನ್‌ನ ಪುಟಗಳೇ ಜಾಸ್ತಿ ಸಿಗುತ್ತವೆ. ಉದಾಹರಣೆಗೆ ಎಲೆಕ್ಟ್ರಿಕ್ ಕ್ವಿಲ್ಟ್ (ಇಕ್ಯೂ) ಎನ್ನುವ ಕ್ವಿಲ್ಟ್ ಡಿಸೈನ್ ಸಾಫ್ಟ್‌ವೇರ್ ನೋಡಿ. ಇಕ್ಯೂ7 ಬಂದದ್ದು 2010ರಲ್ಲಿ, ಇಕ್ಯೂ8 ಬಂದದ್ದು 2017ರಲ್ಲಿ. ಎರಡರ ಸ್ಕ್ರೀನ್ ಬೇರೆ ಬೇರೆ. ಇಕ್ಯೂ7ರ ಪಾಠ ಓದುತ್ತಾ ಇಕ್ಯೂ8ರಲ್ಲಿ ಆ ಬಟನ್ ಹುಡುಕಿದರೆ ಕಣ್ಣು ನೋಯುತ್ತದೆ ಅಷ್ಟೇ.

ಎಚ್ಚರಿಕೆಯ ಗುರುತು ಒಂದೇ. ಹೆಲ್ಪ್‌ನ ಚಿತ್ರದಲ್ಲಿರುವ ಬಟನ್ ನಿಮ್ಮ ಸ್ಕ್ರೀನ್‌ನಲ್ಲಿ ಇಲ್ಲ ಅಂದರೆ ಮೊದಲು ವರ್ಷನ್ ಹೋಲಿಸಿ ನೋಡಿ. ತಪ್ಪು ನಿಮ್ಮದಲ್ಲದೆ ಇರಬಹುದು.

## ಹಂತ 2: ಹೆಲ್ಪ್ ಅನ್ನು ಸರಿಯಾದ ಜಾಗದಿಂದ ತೆರೆಯಿರಿ

ಮೆನುವಿನಿಂದ ಹೆಲ್ಪ್ ತೆರೆದರೆ ಮುಖಪುಟ ಬರುತ್ತದೆ. ಆದರೆ ನೀವು ಸಿಕ್ಕಿಹಾಕಿಕೊಂಡ ಡಬ್ಬಿ ತೆರೆದಿರುವಾಗಲೇ, ಅಂದರೆ ಪ್ರಿಂಟ್ ಬಾಕ್ಸ್ ಅಥವಾ ಬಾರ್ಡರ್ ಅಳತೆಯ ಬಾಕ್ಸ್ ಮುಂದೆ ಇರುವಾಗಲೇ ಎಫ್1 ಒತ್ತಿದರೆ, ಎಷ್ಟೋ ಸಾಫ್ಟ್‌ವೇರ್‌ಗಳು ನೇರವಾಗಿ ಅದೇ ಬಾಕ್ಸ್‌ನ ಪುಟಕ್ಕೆ ಕರೆದೊಯ್ಯುತ್ತವೆ. ಹುಡುಕುವ ಕೆಲಸವೇ ಇರುವುದಿಲ್ಲ. ಬಾಕ್ಸ್‌ನ ಮೂಲೆಯಲ್ಲಿ ಪ್ರಶ್ನೆ ಚಿಹ್ನೆ ಇದ್ದರೆ ಅದನ್ನೂ ಒತ್ತಿ ನೋಡಿ. ಲ್ಯಾಪ್‌ಟಾಪ್‌ನಲ್ಲಿ ಎಫ್1 ಒತ್ತಿದರೆ ಸೌಂಡ್ ಅಥವಾ ಬೆಳಕು ಬದಲಾಗುತ್ತಿದ್ದರೆ ಎಫ್ಎನ್ ಕೀ ಹಿಡಿದುಕೊಂಡು ಒತ್ತಬೇಕು. ಡೆಸ್ಕ್‌ಟಾಪ್ (ಯಾವ ಸಾಫ್ಟ್‌ವೇರೂ ಮುಂದಿಲ್ಲದ ವಿಂಡೋಸ್ ಸ್ಕ್ರೀನ್) ಮುಂದಿರುವಾಗ ಎಫ್1 ಒತ್ತಿದರೆ ವಿಂಡೋಸ್‌ನ ಸಹಾಯ ತೆರೆಯುತ್ತದೆ, ಕ್ವಿಲ್ಟ್‌ನದಲ್ಲ. ಹಾಗಾಗಿ ಮೊದಲು ಸಾಫ್ಟ್‌ವೇರ್ ಮೇಲೆ ಒಂದು ಸಲ ಕ್ಲಿಕ್ ಮಾಡಿ.

ಮ್ಯಾಕ್‌ನಲ್ಲಿ ಹೆಲ್ಪ್ ಮೆನು ಒತ್ತಿದ ಕೂಡಲೇ ಒಂದು ಹುಡುಕುವ ಜಾಗ ಬರುತ್ತದೆ. ಅಲ್ಲಿ ಒಂದು ಪದ ಹಾಕಿದರೆ ಆ ಪದ ಇರುವ ಮೆನುವನ್ನು ತೆರೆದು ನೀಲಿ ಬಾಣದಿಂದ ತೋರಿಸುತ್ತದೆ. ಇದನ್ನು ಬಳಸುವವರು ಕಡಿಮೆ, ಸಿಕ್ಕಾಪಟ್ಟೆ ಉಪಯೋಗವಾಗುತ್ತದೆ.

ಈಗ ಬಿಳಿ ಪುಟದ ತೊಂದರೆ. ಹಳೆಯ ಸಾಫ್ಟ್‌ವೇರ್‌ಗಳ ಹೆಲ್ಪ್ ಸಿಎಚ್ಎಂ ಎನ್ನುವ ಬಗೆಯ ಫೈಲ್‌ನಲ್ಲಿ ಇರುತ್ತದೆ. ಎಡಗಡೆ ವಿಷಯಗಳ ಪಟ್ಟಿ ಚೆನ್ನಾಗಿ ಕಾಣುತ್ತದೆ, ಬಲಗಡೆ ಮಾತ್ರ ಖಾಲಿ. ಫೈಲ್ ಹಾಳಾಗಿದೆ ಎಂದು ಸಾಫ್ಟ್‌ವೇರ್ ಅನ್ನೇ ತೆಗೆದು ಮತ್ತೆ ಹಾಕುತ್ತಾರೆ. ಬೇಡ. ಇಂಟರ್‌ನೆಟ್‌ನಿಂದ ಇಳಿಸಿಕೊಂಡ ಫೈಲ್ ಆದ್ದರಿಂದ ವಿಂಡೋಸ್ ಅದನ್ನು ತಡೆದಿರುತ್ತದೆ. ಫೈಲ್ ಮುಚ್ಚಿ, ಅದರ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ಗೆ ಹೋಗಿ, ಜನರಲ್ ಟ್ಯಾಬ್‌ನ ಕೆಳಗೆ "ಅನ್‌ಬ್ಲಾಕ್" ಇದ್ದರೆ ಟಿಕ್ ಮಾಡಿ ಓಕೆ ಕೊಡಿ. ಫೈಲ್ ಬೇರೆ ಕಂಪ್ಯೂಟರ್‌ನಲ್ಲಿ ಇದ್ದು ನೆಟ್‌ವರ್ಕ್ ಮೂಲಕ ತೆರೆಯುತ್ತಿದ್ದರೂ ಹೀಗೇ ಆಗುತ್ತದೆ. 2005ರ ಒಂದು ಸೆಕ್ಯೂರಿಟಿ ಅಪ್‌ಡೇಟ್‌ನಿಂದ ಮೈಕ್ರೋಸಾಫ್ಟ್ ಅದನ್ನು ನಿಲ್ಲಿಸಿದೆ. ಫೈಲನ್ನು ನಿಮ್ಮ ಕಂಪ್ಯೂಟರ್‌ಗೇ ಕಾಪಿ ಮಾಡಿಕೊಂಡು ತೆರೆಯಿರಿ.

ಇನ್ನೂ ಹಳೆಯ ಎಚ್‌ಎಲ್‌ಪಿ ಫೈಲ್ ಆಗಿದ್ದರೆ ಅದಕ್ಕಾಗಿ ಹೊತ್ತು ಕಳೆಯಬೇಡಿ. ವಿಸ್ಟಾ ಕಾಲದಿಂದ ಅದನ್ನು ತೆರೆಯುವ ಪ್ರೋಗ್ರಾಂ ವಿಂಡೋಸ್ ಜೊತೆ ಬರುತ್ತಿಲ್ಲ. ಅದೇ ಸಾಫ್ಟ್‌ವೇರ್‌ನ ಪಿಡಿಎಫ್ ಕೈಪಿಡಿ ಇದೆಯೇ ನೋಡಿ.

## ಹಂತ 3: ನಿಮ್ಮ ತೊಂದರೆಗೆ ಸಾಫ್ಟ್‌ವೇರ್ ಇಟ್ಟ ಹೆಸರು ಹುಡುಕಿ

ಎಲ್ಲಕ್ಕಿಂತ ಮುಖ್ಯವಾದ ಹಂತ ಇದು. ಇನ್ನೂ ಹೆಲ್ಪ್‌ನಲ್ಲಿ ಏನೂ ಟೈಪ್ ಮಾಡಬೇಡಿ.

ನೋಟ್‌ಬುಕ್‌ನಲ್ಲಿ ಎಡಗಡೆ ನಿಮ್ಮ ಮಾತಿನಲ್ಲಿ ಬರೆಯಿರಿ. "ಬ್ಲಾಕ್‌ಗಳ ನಡುವೆ ಪಟ್ಟಿ ಬೇಕು." ಬಲಗಡೆ ಅದಕ್ಕೆ ಕ್ವಿಲ್ಟಿಂಗ್‌ನಲ್ಲಿ ಏನನ್ನುತ್ತಾರೆ ಎಂದು ಬರೆಯಿರಿ: ಸ್ಯಾಶಿಂಗ್. ಬ್ಲಾಕನ್ನು ವಜ್ರದ ಆಕಾರದಲ್ಲಿ ಓರೆಯಾಗಿ ನಿಲ್ಲಿಸುವುದಕ್ಕೆ ಆನ್ ಪಾಯಿಂಟ್. ಹಾಗೆ ನಿಲ್ಲಿಸಿದಾಗ ಅಂಚಿನಲ್ಲಿ ಉಳಿಯುವ ತ್ರಿಕೋನಗಳಿಗೆ ಸೆಟ್ಟಿಂಗ್ ಟ್ರಯಾಂಗಲ್. ಪೇಪರ್ ಮೇಲೆ ಹೊಲಿಯುವ ಪ್ಯಾಟರ್ನ್‌ಗೆ ಫೌಂಡೇಷನ್. ಬಟ್ಟೆಯ ಮೇಲಿನ ಒಂದು ಹೂವು ಸರಿಯಾಗಿ ತುಂಡಿನ ನಡುವೆ ಬರುವಂತೆ ಕತ್ತರಿಸುವುದಕ್ಕೆ ಫಸಿ ಕಟ್. ಎಷ್ಟು ಬಟ್ಟೆ ಬೇಕು ಎನ್ನುವುದಕ್ಕೆ ಯಾರ್ಡೇಜ್.

ಕ್ವಿಲ್ಟಿಂಗ್ ಪದವೂ ಗೊತ್ತಿಲ್ಲವೇ? ಪರವಾಗಿಲ್ಲ. ನೀವು ಆ ಹೊತ್ತಿಗೆ ಬಳಸುತ್ತಿದ್ದ ಟೂಲ್‌ನ ಚಿತ್ರದ ಮೇಲೆ ಮೌಸನ್ನು ಒತ್ತದೆ ಎರಡು ಕ್ಷಣ ಸುಮ್ನೆ ಇಡಿ. ಹೆಸರು ಕಾಣುತ್ತದೆ. ಅದನ್ನು ಅಕ್ಷರ ಬಿಡದೆ ಬರೆದುಕೊಳ್ಳಿ. ಅದರ ಜೊತೆಗೆ ನೀವು ಯಾವ ಭಾಗದಲ್ಲಿದ್ದೀರಿ ಎನ್ನುವುದನ್ನೂ ಬರೆಯಿರಿ. ಎಲೆಕ್ಟ್ರಿಕ್ ಕ್ವಿಲ್ಟ್‌ನಲ್ಲಿ ಕ್ವಿಲ್ಟ್ ವರ್ಕ್‌ಟೇಬಲ್ ಬೇರೆ, ಬ್ಲಾಕ್ ವರ್ಕ್‌ಟೇಬಲ್ ಬೇರೆ. ಒಂದರ ಟೂಲ್ ಇನ್ನೊಂದರಲ್ಲಿ ಕಾಣುವುದೇ ಇಲ್ಲ.

ಮೊದಲು ಹೇಳಿದ ಮಾಯವಾಗುವ ಗೆರೆಯನ್ನೇ ನೋಡೋಣ. ಎಲೆಕ್ಟ್ರಿಕ್ ಕ್ವಿಲ್ಟ್‌ನಲ್ಲಿ ಗೆರೆ ಎಳೆಯುವ ಭಾಗವಾದ ಈಸಿಡ್ರಾ ಬಳಸಿ ಬ್ಲಾಕ್ ಬಿಡಿಸುತ್ತೀರಿ. ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಓರೆ ಗೆರೆ ಎಳೆಯುತ್ತೀರಿ. ಸ್ಕ್ರೀನ್ ಮೇಲೆ ಚೆನ್ನಾಗಿಯೇ ಕಾಣುತ್ತದೆ. ಬಣ್ಣ ತುಂಬುವ ಟ್ಯಾಬ್‌ಗೆ ಹೋದರೆ ಗೆರೆ ಇಲ್ಲ, ಇಡೀ ಚೌಕ ಒಂದೇ ಬಣ್ಣ! ವಾಪಸ್ ಬಂದು ಆ ಗೆರೆಯ ತುದಿಯನ್ನು ಝೂಮ್ ಮಾಡಿ ನೋಡಿ. ಮೂಲೆಗೆ ಕೂದಲೆಳೆಯಷ್ಟು ಮೊದಲೇ ಗೆರೆ ನಿಂತಿರುತ್ತದೆ. ಎರಡೂ ತುದಿ ಬೇರೆ ಗೆರೆಯನ್ನು ಮುಟ್ಟದಿದ್ದರೆ ತುಂಡು ಮುಚ್ಚಿಕೊಳ್ಳುವುದಿಲ್ಲ. ಮುಚ್ಚಿಕೊಳ್ಳದ ತುಂಡನ್ನು ಕತ್ತರಿಸಿ ಹೊಲಿಯಲು ಆಗುವುದಿಲ್ಲವಲ್ಲ, ಹಾಗಾಗಿ ಸಾಫ್ಟ್‌ವೇರ್ ಆ ಗೆರೆಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಇದಕ್ಕೆ ಹೆಲ್ಪ್‌ನಲ್ಲಿ ಹುಡುಕಬೇಕಾದ ಪದ "ಸ್ನ್ಯಾಪ್". ಗೆರೆಯ ತುದಿ ಗ್ರಿಡ್‌ಗೋ ಇನ್ನೊಂದು ಗೆರೆಗೋ ತಾನಾಗಿ ಅಂಟಿಕೊಳ್ಳುವಂತೆ ಮಾಡುವ ಸೆಟ್ಟಿಂಗ್ ಅದು. "ಮಾಯ" ಎಂದು ಹುಡುಕಿದವರಿಗೆ ಅದು ಹೇಗೆ ಸಿಗಬೇಕು ಹೇಳಿ.

ಸ್ಪೆಲ್ಲಿಂಗ್ ಬಗ್ಗೆಯೂ ಒಂದು ಮಾತು. ಅಮೆರಿಕದ ಸಾಫ್ಟ್‌ವೇರ್ ಆದರೆ ಕಲರ್ ಪದದಲ್ಲಿ 'ಯು' ಅಕ್ಷರ ಇರುವುದಿಲ್ಲ, ಗ್ರೇ ಪದದಲ್ಲಿ 'ಇ' ಬದಲು 'ಎ' ಇರುತ್ತದೆ. ಅಪ್ಲಿಕ್ (ಬಟ್ಟೆಯ ಮೇಲೆ ಬಟ್ಟೆಯ ಆಕಾರ ಇಟ್ಟು ಹೊಲಿಯುವುದು) ಪದದ ಕೊನೆಯ ಅಕ್ಷರದ ಮೇಲೆ ಕೆಲವರು ಗೀಟು ಹಾಕುತ್ತಾರೆ, ಕೆಲವರು ಹಾಕುವುದಿಲ್ಲ. ಎರಡೂ ಥರ ಹಾಕಿ ನೋಡಿ, ಇಲ್ಲವೇ ಪದದ ಮೊದಲ ನಾಲ್ಕೈದು ಅಕ್ಷರ ಮಾತ್ರ ಹಾಕಿ.

## ಹಂತ 4: ಮೊದಲು ಇಂಡೆಕ್ಸ್, ಆಮೇಲೆ ಕಂಟೆಂಟ್ಸ್, ಕೊನೆಗೆ ಸರ್ಚ್

ಎಲ್ಲರೂ ಮೊದಲು ಸರ್ಚ್‌ಗೇ ಹೋಗುತ್ತಾರೆ. ಸರ್ಚ್ ಮಾಡಿದರೆ "ಬಾರ್ಡರ್" ಪದ ಎಲ್ಲೆಲ್ಲಿ ಬಂದಿದೆಯೋ ಅಷ್ಟೂ ಪುಟಗಳು ಬಂದು ಬೀಳುತ್ತವೆ. ಇಂಡೆಕ್ಸ್ ಅನ್ನು ಒಬ್ಬ ಮನುಷ್ಯ ಕೂತು ಮಾಡಿರುತ್ತಾರೆ. ಅಲ್ಲಿ "ಬಾರ್ಡರ್" ಕೆಳಗೆ ಸೇರಿಸುವುದು, ಅಳತೆ ಬದಲಿಸುವುದು, ಮೂಲೆ, ತೆಗೆಯುವುದು ಎಂದು ಬಿಡಿಸಿ ಇಟ್ಟಿರುತ್ತಾರೆ. ಹಾಗಾಗಿ ನಾನು ಯಾವಾಗಲೂ ಇಂಡೆಕ್ಸ್‌ನಿಂದ ಶುರು ಮಾಡುತ್ತೇನೆ.

ಇಂಡೆಕ್ಸ್‌ನಿಂದ ಪುಟ ಸಿಕ್ಕ ಮೇಲೆ ಕಂಟೆಂಟ್ಸ್‌ನಲ್ಲಿ ಆ ಪುಟ ಎಲ್ಲಿ ಕೂತಿದೆ ಎಂದು ನೋಡಿ. ಸಿಎಚ್ಎಂ ಫೈಲ್‌ಗಳಲ್ಲಿ ಇದಕ್ಕಾಗಿಯೇ "ಲೊಕೇಟ್" ಎನ್ನುವ ಬಟನ್ ಇರುವುದುಂಟು. ಅದರ ಹಿಂದಿನ ಮತ್ತು ಮುಂದಿನ ಪುಟವನ್ನೂ ಒಮ್ಮೆ ತೆರೆಯಿರಿ. ಹಿಂದಿನ ಪುಟದಲ್ಲಿ ಇದಕ್ಕೆ ಮೊದಲು ಏನು ಮಾಡಿರಬೇಕು ಎನ್ನುವುದು ಇರುತ್ತದೆ, ನಿಮಗೆ ಕೈಕೊಟ್ಟಿದ್ದು ಹೆಚ್ಚಾಗಿ ಅದೇ.

ಸರ್ಚ್ ಮಾಡಲೇಬೇಕಾದರೆ ಪೂರ್ತಿ ವಾಕ್ಯ ಹಾಕಬೇಡಿ, ಎರಡು ಪದ ಸಾಕು. ಎರಡು ಪದ ಒಟ್ಟಿಗೇ ಬರಬೇಕಾದರೆ ಉದ್ಧರಣ ಚಿಹ್ನೆಯ ಒಳಗೆ ಹಾಕಿ. ಸಿಎಚ್ಎಂ ಸರ್ಚ್‌ನಲ್ಲಿ ಪದದ ಕೊನೆಗೆ ನಕ್ಷತ್ರ ಚಿಹ್ನೆ ಹಾಕಿದರೆ ಆ ಪದದಿಂದ ಶುರುವಾಗುವ ಎಲ್ಲವೂ ಬರುತ್ತವೆ. ಇನ್ನೊಂದು ಗಮನಿಸಿ. ಕೆಲವು ಫೈಲ್‌ಗಳಲ್ಲಿ ಸರ್ಚ್ ಟ್ಯಾಬ್‌ನ ಕೆಳಗೆ ಮೂರು ಚಿಕ್ಕ ಟಿಕ್ ಜಾಗಗಳಿರುತ್ತವೆ. ಅದರಲ್ಲಿ "ಸರ್ಚ್ ಪ್ರೀವಿಯಸ್ ರಿಸಲ್ಟ್ಸ್" ಟಿಕ್ ಆಗಿ ಉಳಿದಿದ್ದರೆ ಹಿಂದಿನ ಸಲ ಸಿಕ್ಕ ಪುಟಗಳ ಒಳಗೆ ಮಾತ್ರ ಹುಡುಕುತ್ತದೆ. ಇದ್ದಕ್ಕಿದ್ದಂತೆ ಯಾವ ಪದ ಹಾಕಿದರೂ ಸೊನ್ನೆ ಬರುತ್ತಿದ್ದರೆ ಮೊದಲು ಅದನ್ನು ತೆಗೆಯಿರಿ.

ಹೆಲ್ಪ್ ಬ್ರೌಸರ್‌ನಲ್ಲಿ ತೆರೆದಿದ್ದರೆ ಕಂಟ್ರೋಲ್ ಮತ್ತು ಎಫ್ ಒತ್ತಿದಾಗ ಹುಡುಕುವುದು ಆ ಒಂದು ಪುಟದಲ್ಲಿ ಮಾತ್ರ. ಇಡೀ ಹೆಲ್ಪ್‌ನಲ್ಲಿ ಹುಡುಕಬೇಕಾದರೆ ಪುಟದೊಳಗೇ ಇರುವ ಸರ್ಚ್ ಜಾಗ ಬಳಸಿ. ಪಿಡಿಎಫ್ ಆಗಿದ್ದರೆ ಅಡೋಬಿ ರೀಡರ್‌ನಲ್ಲಿ ಕಂಟ್ರೋಲ್, ಶಿಫ್ಟ್ ಮತ್ತು ಎಫ್ ಒಟ್ಟಿಗೆ ಒತ್ತಿ. ಆ ಪದ ಬಂದಿರುವ ಎಲ್ಲ ಜಾಗಗಳು ಅಕ್ಕಪಕ್ಕದ ಮಾತಿನ ಸಮೇತ ಪಟ್ಟಿಯಾಗಿ ಬರುತ್ತವೆ, ಒಂದೊಂದೇ ಹಾರುತ್ತಾ ಹೋಗುವ ಕಷ್ಟ ಇಲ್ಲ. ಪಿಡಿಎಫ್‌ನಲ್ಲಿ ಯಾವ ಪದವೂ ಸಿಗುತ್ತಿಲ್ಲ ಅಂದರೆ ಅದು ಸ್ಕ್ಯಾನ್ ಮಾಡಿದ ಚಿತ್ರಗಳ ಫೈಲ್. ಆಗ ಕೈಪಿಡಿಯ ಕೊನೆಯಲ್ಲಿರುವ ಇಂಡೆಕ್ಸ್ ಪುಟಗಳನ್ನು ಕಣ್ಣಿನಲ್ಲೇ ಓದಬೇಕು.

## ಹಂತ 5: ಸಿಕ್ಕ ಪುಟವನ್ನು ಮೇಲಿನಿಂದ ಓದಿ, ಕೆಳಗಿನ ನೋಟ್ ಸಮೇತ

ಪುಟ ಸಿಕ್ಕಿತು ಎಂದ ಕೂಡಲೇ ಕಣ್ಣು ನೇರ ನಂಬರ್ ಹಾಕಿದ ಸ್ಟೆಪ್‌ಗಳಿಗೆ ಹೋಗುತ್ತದೆ. ಅದರ ಮೇಲಿನ ಎರಡು ಸಾಲು ಬಿಟ್ಟುಹೋಗುತ್ತದೆ. ಆ ಎರಡು ಸಾಲಿನಲ್ಲೇ "ಕ್ವಿಲ್ಟ್ ತೆರೆದಿರಬೇಕು", "ಲೇಯರ್ 1ರಲ್ಲಿ ಇರಬೇಕು", "ಬ್ಲಾಕ್ ಸೆಲೆಕ್ಟ್ ಆಗಿರಬೇಕು" ಎಂಬಂಥ ಮಾತು ಇರುವುದು.

ಮೆನುವಿನಲ್ಲಿ ಬೇಕಾದ ಸಾಲು ಬೂದು ಬಣ್ಣದಲ್ಲಿದೆ, ಒತ್ತಲು ಆಗುತ್ತಿಲ್ಲ ಅಂದರೆ ಅದು ಖಚಿತವಾದ ಗುರುತು: ಮೊದಲು ಆಗಬೇಕಾದ್ದು ಏನೋ ಆಗಿಲ್ಲ. ಪುಟದ ಮೇಲಿನ ಸಾಲುಗಳಿಗೆ ವಾಪಸ್ ಹೋಗಿ. ಸಾಫ್ಟ್‌ವೇರ್ ಮುಚ್ಚಿ ತೆರೆಯುವುದರಿಂದ ಇದು ಸರಿಯಾಗುವುದಿಲ್ಲ.

ಪುಟದ ಕೆಳಗಿನ "ನೋಟ್" ಮತ್ತು "ಟಿಪ್" ಬಿಡಬೇಡಿ. ಸ್ಕ್ರೀನ್ ಎಷ್ಟು ಹೊತ್ತು ನೋಡಿದರೂ ಗೊತ್ತಾಗದ ವಿಷಯಗಳು ಅಲ್ಲಿರುತ್ತವೆ. ಎಲೆಕ್ಟ್ರಿಕ್ ಕ್ವಿಲ್ಟ್‌ನಲ್ಲಿ ಲೇಔಟ್‌ನ ಒಳಗೆ ಬ್ಲಾಕ್ ಇಡುವಾಗ ಕಂಟ್ರೋಲ್ ಹಿಡಿದು ಕ್ಲಿಕ್ ಮಾಡಿದರೆ ಎಲ್ಲ ಜಾಗಗಳೂ ಒಂದೇ ಸಲಕ್ಕೆ ತುಂಬುತ್ತವೆ, ಆಲ್ಟ್ ಹಿಡಿದು ಮಾಡಿದರೆ ಒಂದು ಬಿಟ್ಟು ಒಂದು. ಅಂಥ ಬಟನ್ ಎಲ್ಲೂ ಕಾಣುವುದಿಲ್ಲ. 10 ಸಾಲು, 8 ಕಾಲಂ ಇರುವ ಕ್ವಿಲ್ಟ್‌ಗೆ 80 ಕ್ಲಿಕ್ ಮಾಡಿ ಕೈ ನೋಯಿಸಿಕೊಂಡವರನ್ನು ನೋಡಿ ನಿಜಕ್ಕೂ ಬೇಜಾರಾಗಿದೆ.

## ಹಂತ 6: ಟ್ರಯಲ್ ಪ್ರಾಜೆಕ್ಟ್‌ನಲ್ಲಿ ಒಂದೊಂದೇ ಸ್ಟೆಪ್ ಮಾಡಿ

ಒಂದು ಸ್ಟೆಪ್ ಓದಿ, ಮಾಡಿ, ಸ್ಕ್ರೀನ್‌ನಲ್ಲಿ ಹೆಲ್ಪ್ ಹೇಳಿದ್ದೇ ಆಯಿತಾ ನೋಡಿ, ಆಮೇಲೆ ಮುಂದಿನದು. ಬೇರೆಯೇ ಏನೋ ಆದರೆ ಅಲ್ಲೇ ನಿಲ್ಲಿಸಿ. ಮುಂದೆ ಹೋಗಿ ಸರಿ ಮಾಡೋಣ ಅಂದುಕೊಳ್ಳಬೇಡಿ, ಎಲ್ಲಿ ತಪ್ಪಿತು ಎಂದು ಆಮೇಲೆ ಗೊತ್ತಾಗುವುದೇ ಇಲ್ಲ.

ಮೊದಲ ಸಲ ಹೆಲ್ಪ್‌ನಲ್ಲಿ ಕೊಟ್ಟ ಅಳತೆಯನ್ನೇ ಹಾಕಿ. ಅವರು 12 ಇಂಚಿನ ಬ್ಲಾಕ್ ಅಂದರೆ 12 ಇಂಚೇ. ಉತ್ತರ ಸರಿ ಬಂದ ಮೇಲೆ ನಿಮ್ಮ ಅಳತೆ ಹಾಕಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ತಪ್ಪು ಸ್ಟೆಪ್‌ನದೋ ಅಳತೆಯದೋ ಹೇಳಲಾಗದು.

ಸೇವ್ ಮಾಡುವ ವಿಷಯ ಬೇರೆಯಾಗಿಯೇ ಓದಿಕೊಳ್ಳಿ. ಎಲೆಕ್ಟ್ರಿಕ್ ಕ್ವಿಲ್ಟ್‌ನಲ್ಲಿ ಬಿಡಿಸಿದ ಬ್ಲಾಕ್ ಉಳಿಯಬೇಕಾದರೆ ಅದನ್ನು ಪ್ರಾಜೆಕ್ಟ್‌ನ ಸ್ಕೆಚ್‌ಬುಕ್‌ಗೆ ಸೇರಿಸಬೇಕು. ಬಿಡಿಸಿದ ಮಾತ್ರಕ್ಕೆ ಅದು ಸ್ಕೆಚ್‌ಬುಕ್‌ನಲ್ಲಿ ಇರುವುದಿಲ್ಲ. ಟ್ರಯಲ್‌ನಲ್ಲೇ ಇದನ್ನು ಪರೀಕ್ಷೆ ಮಾಡಿ: ಸೇರಿಸಿ, ಸೇವ್ ಮಾಡಿ, ಮುಚ್ಚಿ, ಮತ್ತೆ ತೆರೆದು ಬ್ಲಾಕ್ ಇದೆಯಾ ನೋಡಿ.

## ಹಂತ 7: ಅಳತೆಯ ಪುಟಗಳನ್ನು ಕೈಲೆಕ್ಕದಿಂದ ಹಿಡಿದು ನೋಡಿ

ಪ್ರಿಂಟ್, ಕಟಿಂಗ್, ಯಾರ್ಡೇಜ್. ಈ ಮೂರು ಪುಟಗಳನ್ನು ಎಷ್ಟು ನಿಧಾನವಾಗಿ ಓದಿದರೂ ಜಾಸ್ತಿಯಲ್ಲ, ಯಾಕೆಂದರೆ ಇಲ್ಲಿ ತಪ್ಪಿದರೆ ಕತ್ತರಿಸಿದ ಬಟ್ಟೆ ವಾಪಸ್ ಬರುವುದಿಲ್ಲ.

ಪ್ರಿಂಟ್. ಒಂದು ಸಲ ನಾನು ಫೋರ್ ಪ್ಯಾಚ್‌ನ ಟೆಂಪ್ಲೇಟ್ (ತುಂಡು ಕತ್ತರಿಸಲು ಇಡುವ ಅಚ್ಚು) ಪ್ರಿಂಟ್ ಮಾಡಿ ಇಡೀ ಕ್ವಿಲ್ಟ್‌ಗೆ ತುಂಡುಗಳನ್ನು ಕತ್ತರಿಸಿದೆ. ಪ್ರಿಂಟರ್‌ನ ಬಾಕ್ಸ್‌ನಲ್ಲಿ "ಫಿಟ್ ಟು ಪೇಜ್" ಟಿಕ್ ಆಗಿತ್ತು, ನಾನು ನೋಡಿರಲಿಲ್ಲ. ಎಲ್ಲ 97 ಪರ್ಸೆಂಟ್‌ಗೆ ಕುಗ್ಗಿ ಬಂದಿತ್ತು. ಮೂರೂವರೆ ಇಂಚಿನ ತುಂಡು 3.395 ಇಂಚು ಆಯಿತು. ಕಣ್ಣಿಗೆ ಗೊತ್ತೇ ಆಗಲ್ಲ. ಹೊಲಿಗೆಗೆ ಪ್ರತಿ ಅಂಚಿನಲ್ಲಿ ಹೋಗುವ ಕಾಲು ಇಂಚು ಕಳೆದು, ಎರಡು ತುಂಡು ಸೇರಿ 6 ಇಂಚು ಬರಬೇಕಾದ ಬ್ಲಾಕ್ 5.79 ಬಂತು. 8 ಬ್ಲಾಕ್‌ನ ಸಾಲು ಹೊಲಿದಾಗ ಸುಮಾರು 1.7 ಇಂಚು ಕಡಿಮೆ. ರೂಲರ್ ಇಟ್ಟು ಸರಿಯಾಗಿ ಕತ್ತರಿಸಿದ ಬಾರ್ಡರ್ ಅಂಚಿನಲ್ಲಿ ಉದ್ದ ಉಳಿದು ನೇತಾಡುತ್ತಿತ್ತು. ಹೆಲ್ಪ್‌ನ ಪ್ರಿಂಟ್ ಪುಟದಲ್ಲಿ "ಆಕ್ಚುಯಲ್ ಸೈಜ್" ಬಗ್ಗೆ ಒಂದು ಸಾಲು ಇದ್ದೇ ಇತ್ತು.

ಹಾಗಾಗಿ ಮೊದಲ ಹಾಳೆ ಬಂದ ಕೂಡಲೇ ರೂಲರ್ ಇಟ್ಟು ಅಳೆಯಿರಿ. ಒಂದು ಇಂಚಿನ ಪರೀಕ್ಷಾ ಚೌಕವನ್ನು ಮಾತ್ರ ಅಳೆದು ಬಿಡಬೇಡಿ. ಒಂದು ಇಂಚಿನಲ್ಲಿ 3 ಪರ್ಸೆಂಟ್ ಅಂದರೆ ಒಂದು ಮಿಲಿಮೀಟರ್ ಕೂಡ ಇಲ್ಲ, ಗೆರೆಯ ದಪ್ಪದಲ್ಲೇ ಮುಚ್ಚಿಹೋಗುತ್ತದೆ. ಹಾಳೆಯ ಮೇಲಿನ ಅತಿ ಉದ್ದದ ಗೆರೆಯನ್ನು ಅಳೆಯಿರಿ. ಸೆಟ್ಟಿಂಗ್ ಎರಡು ಕಡೆ ಇರುತ್ತದೆ ಎನ್ನುವುದೂ ನೆನಪಿರಲಿ: ಸಾಫ್ಟ್‌ವೇರ್‌ನಲ್ಲಿ ಒಂದು, ಪ್ರಿಂಟರ್‌ನ ಬಾಕ್ಸ್‌ನಲ್ಲಿ ಒಂದು. ಪಿಡಿಎಫ್ ಮಾಡಿಕೊಂಡು ಪ್ರಿಂಟ್ ಮಾಡುವವರಿಗೆ ಪಿಡಿಎಫ್ ರೀಡರ್‌ನಲ್ಲಿ ಇನ್ನೊಂದು.

ಸೀಮ್ ಅಲವೆನ್ಸ್, ಅಂದರೆ ಹೊಲಿಗೆಗಾಗಿ ಅಂಚಿನಲ್ಲಿ ಬಿಡುವ ಬಟ್ಟೆ. ಸಾಫ್ಟ್‌ವೇರ್ ತೋರಿಸುವ ಅಳತೆ ಹೊಲಿದ ಮೇಲಿನದೋ, ಕತ್ತರಿಸುವಾಗಿನದೋ? ಹೆಲ್ಪ್‌ನಲ್ಲಿ "ಫಿನಿಶ್ಡ್" ಮತ್ತು "ಕಟ್" ಎಂಬ ಎರಡು ಪದಗಳನ್ನು ಹುಡುಕಿ. ಕೈಲೆಕ್ಕ ಹೀಗೆ. ಕಾಲು ಇಂಚು ಅಲವೆನ್ಸ್ ಆದರೆ ಚೌಕಕ್ಕೆ ಅರ್ಧ ಇಂಚು ಸೇರಿಸಬೇಕು. ಎರಡು ತ್ರಿಕೋನಕ್ಕಾಗಿ ಒಂದು ಸಲ ಓರೆಯಾಗಿ ಕತ್ತರಿಸುವ ಚೌಕಕ್ಕೆ 7/8 ಇಂಚು. ನಾಲ್ಕು ತ್ರಿಕೋನಕ್ಕಾಗಿ ಎರಡು ಸಲ ಓರೆಯಾಗಿ ಕತ್ತರಿಸುವ ಚೌಕಕ್ಕೆ ಒಂದೂಕಾಲು ಇಂಚು. ಹೀಗೆ ಒಂದು ಸಲ ಓರೆಯಾಗಿ ಕತ್ತರಿಸಿದ ತ್ರಿಕೋನ, ಅಂದರೆ 3 ಇಂಚಿನ ಹಾಫ್ ಸ್ಕ್ವೇರ್ ಟ್ರಯಾಂಗಲ್‌ಗೆ ಸಾಫ್ಟ್‌ವೇರ್ 3 7/8 ಅಂದರೆ ಅಲವೆನ್ಸ್ ಸೇರಿದೆ, ಬರೀ 3 ಅಂದರೆ ಸೇರಿಲ್ಲ. ಸೆಂಟಿಮೀಟರ್‌ಗೆ ಬದಲಿಸಿಕೊಂಡಿದ್ದರೆ ಅಲವೆನ್ಸ್ ಎಷ್ಟಾಗಿದೆ ಎಂದು ಮತ್ತೆ ನೋಡಿ. ಕಾಲು ಇಂಚು ಅಂದರೆ 6.35 ಮಿಲಿಮೀಟರ್.

ಆನ್ ಪಾಯಿಂಟ್. ಕ್ವಿಲ್ಟ್ ಅಂದುಕೊಂಡದ್ದಕ್ಕಿಂತ ದೊಡ್ಡದಾಯಿತು ಎಂದು ಗಾಬರಿಯಾಗುವುದು ಇಲ್ಲಿ. 12 ಇಂಚಿನ ಬ್ಲಾಕ್ ಓರೆ ನಿಂತಾಗ 12ಕ್ಕೆ 1.414 ಗುಣಿಸಬೇಕು, ಹತ್ತಿರ ಹತ್ತಿರ 17 ಇಂಚು ಜಾಗ ಹಿಡಿಯುತ್ತದೆ. ಅಂಚಿನ ಸೆಟ್ಟಿಂಗ್ ತ್ರಿಕೋನಗಳಿಗೆ ಆ 16.97ಕ್ಕೆ ಒಂದೂಕಾಲು ಸೇರಿಸಿ, 18 1/4 ಇಂಚಿನ ಚೌಕ ಕತ್ತರಿಸಿ ನಾಲ್ಕು ಮಾಡಬೇಕು. ನಾಲ್ಕು ಮೂಲೆಗಳಿಗೆ 12 ಅನ್ನು 1.414ರಿಂದ ಭಾಗಿಸಿ 7/8 ಸೇರಿಸಿದರೆ 9 3/8 ಇಂಚಿನ ಚೌಕ, ಎರಡು ಮಾಡಬೇಕು. ಟ್ರಯಲ್‌ನಲ್ಲಿ 12 ಇಂಚಿನ ಬ್ಲಾಕ್ ಇಟ್ಟು ಈ ಎರಡು ನಂಬರ್ ಬರುತ್ತವೆಯೇ ನೋಡಿ. ಬಂದರೆ ನೀವು ಹೆಲ್ಪ್ ಪುಟವನ್ನು ಸರಿಯಾಗಿ ಅರ್ಥ ಮಾಡಿಕೊಂಡಿದ್ದೀರಿ.

ರೂಲರ್‌ನಲ್ಲಿ ಇಲ್ಲದ ನಂಬರ್. ಮೂರಕ್ಕೆ ಮೂರು ಮನೆಗಳ ನೈನ್ ಪ್ಯಾಚ್ ಬ್ಲಾಕನ್ನು 10 ಇಂಚಿಗೆ ಇಟ್ಟರೆ ಒಂದೊಂದು ತುಂಡು 3.333 ಇಂಚು. ಅಲವೆನ್ಸ್ ಸೇರಿ 3.833. ರೂಲರ್‌ನಲ್ಲಿ ಹಾಗೊಂದು ಗೆರೆಯೇ ಇಲ್ಲ. ಸಾಫ್ಟ್‌ವೇರ್ ಅದನ್ನು ಹತ್ತಿರದ 1/8ಕ್ಕೆ ತಂದು 3 7/8 ಎಂದು ತೋರಿಸಬಹುದು, ಆಗ ಪ್ರತಿ ತುಂಡೂ ಸ್ವಲ್ಪ ದೊಡ್ಡದು. ಹೆಲ್ಪ್‌ನಲ್ಲಿ "ರೌಂಡಿಂಗ್" ಹುಡುಕಿ. ನನ್ನನ್ನು ಕೇಳಿದರೆ ಬ್ಲಾಕ್ ಸೈಜನ್ನೇ 9 ಅಥವಾ 12 ಇಂಚಿಗೆ ಬದಲಿಸಿಬಿಡಿ, ಎಲ್ಲ ತಲೆನೋವೂ ಹೋಗುತ್ತದೆ.

ಫೌಂಡೇಷನ್. ಪೇಪರ್ ಪೀಸಿಂಗ್‌ನಲ್ಲಿ ಗೆರೆ ಇರುವ ಕಡೆ ಹೊಲಿಗೆ ಹಾಕುತ್ತೇವೆ, ಬಟ್ಟೆ ಹಿಂದಿನ ಕಡೆ ಇರುತ್ತದೆ. ಹಾಗಾಗಿ ಬ್ಲಾಕ್ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿ ಬರುತ್ತದೆ. ಪ್ರಿಂಟ್ ಮಾಡುವಾಗ ಸಾಫ್ಟ್‌ವೇರ್ ತಾನೇ ತಿರುಗಿಸಿಕೊಡುತ್ತದೋ, ನೀವು ಟಿಕ್ ಮಾಡಬೇಕೋ ಎಂದು ಹೆಲ್ಪ್‌ನಲ್ಲಿ ನೋಡಿ. ಎಡಬಲ ಬೇರೆ ಇರುವ ಒಂದು ಬ್ಲಾಕ್ ಹಾಕಿ ಪ್ರಿಂಟ್ ತೆಗೆದರೆ ಒಂದೇ ಹಾಳೆಯಲ್ಲಿ ಉತ್ತರ ಸಿಗುತ್ತದೆ.

ಯಾರ್ಡೇಜ್. ಮೂರು ವಿಷಯ ನೋಡಿ. ಬಟ್ಟೆಯ ಅಗಲ ಎಷ್ಟೆಂದು ಹಿಡಿದಿದೆ, ಬ್ಯಾಕಿಂಗ್ (ಹಿಂಬದಿಯ ಬಟ್ಟೆ) ಮತ್ತು ಬೈಂಡಿಂಗ್ (ಅಂಚು ಕಟ್ಟುವ ಪಟ್ಟಿ) ಲೆಕ್ಕದಲ್ಲಿ ಸೇರಿದೆಯೇ, ಉತ್ತರ ಯಾರ್ಡ್‌ನಲ್ಲಿದೆಯೋ ಮೀಟರ್‌ನಲ್ಲೋ. ಒಂದು ಯಾರ್ಡ್ ಅಂದರೆ 0.9144 ಮೀಟರ್. ಫಸಿ ಕಟ್ ಮಾಡುವವರು ಸಾಫ್ಟ್‌ವೇರ್ ಹೇಳಿದ್ದಕ್ಕಿಂತ ಜಾಸ್ತಿಯೇ ತರಬೇಕು. ಹೂವುಗಳ ನಡುವಿನ ಬಟ್ಟೆ ವ್ಯರ್ಥವಾಗುತ್ತದೆ.

## ಹಂತ 8: ನಿಮ್ಮದೇ ಒಂದು ಪುಟ ಮಾಡಿಟ್ಟುಕೊಳ್ಳಿ

ಕೆಲಸ ಆದ ಕೂಡಲೇ, ಮರೆಯುವ ಮೊದಲು, ನೋಟ್‌ಬುಕ್‌ನಲ್ಲಿ ಮೂರು ಸಾಲು ಬರೆಯಿರಿ: ನನ್ನ ಮಾತಿನಲ್ಲಿ ತೊಂದರೆ, ಹೆಲ್ಪ್‌ನ ಪದ, ನಾನು ತಪ್ಪಿದ ಜಾಗ. "ಗೆರೆ ಮಾಯ. ಸ್ನ್ಯಾಪ್. ತುದಿ ಮೂಲೆಗೆ ತಾಗಿರಲಿಲ್ಲ." ಇಷ್ಟು ಸಾಕು. ಸಿಎಚ್ಎಂನಲ್ಲಿ "ಫೇವರಿಟ್ಸ್" ಟ್ಯಾಬ್ ಇದ್ದರೆ ಆ ಪುಟವನ್ನು ಅಲ್ಲಿ ಸೇರಿಸಿ, ಹೆಸರು ಮಾತ್ರ ನಿಮ್ಮ ಮಾತಿನಲ್ಲೇ ಇಡಿ. ಬ್ರೌಸರ್‌ನಲ್ಲಿ ಇದ್ದರೆ ಆ ಪುಟವನ್ನು ಪಿಡಿಎಫ್ ಆಗಿ ಇಳಿಸಿಕೊಳ್ಳಿ. ಹೊಸ ವರ್ಷನ್ ಬಂದಾಗ ಹಳೆಯ ಪುಟಗಳು ಇಲ್ಲವಾಗಬಹುದು.

## ಇಷ್ಟಾದರೂ ಸಿಗದಿದ್ದರೆ

ಮೂರು ಬೇರೆ ಬೇರೆ ಪದ ಹಾಕಿ ಇಂಡೆಕ್ಸ್, ಸರ್ಚ್ ಎರಡೂ ನೋಡಿದ ಮೇಲೂ ಸಿಗದಿದ್ದರೆ ನಿಲ್ಲಿಸಿ. ಅಪ್‌ಡೇಟ್ ಇದೆಯೇ ನೋಡಿ, ಸಾಫ್ಟ್‌ವೇರ್‌ನದೇ ದೋಷ ಇದ್ದು ಆಗಲೇ ಸರಿಪಡಿಸಿರಬಹುದು. ಆಮೇಲೆ ಸಾಫ್ಟ್‌ವೇರ್ ಮಾಡಿದವರಿಗೆ ಬರೆಯಿರಿ. "ಕೆಲಸ ಮಾಡ್ತಿಲ್ಲ" ಎಂದಷ್ಟೇ ಬರೆದರೆ ಅವರು ಮತ್ತೆ ನಿಮ್ಮನ್ನೇ ಪ್ರಶ್ನೆ ಕೇಳುತ್ತಾರೆ, ಎರಡು ದಿನ ಹೋಗುತ್ತದೆ. ಹಂತ 1ರಲ್ಲಿ ಬರೆದಿಟ್ಟ ವರ್ಷನ್ ನಂಬರ್, ವಿಂಡೋಸೋ ಮ್ಯಾಕೋ, ಯಾವ ಭಾಗದಲ್ಲಿದ್ದಿರಿ, ಒಂದೊಂದಾಗಿ ಏನೇನು ಒತ್ತಿದಿರಿ, ಏನು ಆಗಬೇಕಿತ್ತು, ಏನಾಯಿತು, ಹೆಲ್ಪ್‌ನ ಯಾವ ಪುಟ ಓದಿದಿರಿ ಎಲ್ಲ ಬರೆಯಿರಿ. ಜೊತೆಗೆ ಇಡೀ ಸ್ಕ್ರೀನ್‌ನ ಸ್ಕ್ರೀನ್‌ಶಾಟ್, ಮತ್ತು ತೊಂದರೆ ಕಾಣಿಸುವ ಆ ಚಿಕ್ಕ ಟ್ರಯಲ್ ಪ್ರಾಜೆಕ್ಟ್ ಫೈಲ್. ಒಂದೇ ಬ್ಲಾಕ್ ಇರುವ ಫೈಲ್ ಆದ್ದರಿಂದ ಅವರು ತೆರೆದ ಕೂಡಲೇ ಎಲ್ಲಿ ಸಿಕ್ಕಿಕೊಂಡಿದೆ ಎಂದು ಅವರಿಗೆ ಕಾಣುತ್ತದೆ.